ಕಡಲು ಕಾಣದ ಸೀಮೆಯ ಹೆಸರು ಹೊತ್ತ ಹಡಗು

ಉಮರ್ಗಾ, ನಿಲಂಗಾ, ಉದಗೀರ ಎಂಬ ಮೂರು ಊರುಗಳ ಹೆಸರನ್ನು ಕಡಲಿನೊಡನೆ ಜೋಡಿಸಿ ಮಾತನಾಡಿದವರನ್ನು ನಾನು ಈವರೆಗೆ ಕಂಡಿಲ್ಲ. ಎರೆಯ ನೆಲದಲ್ಲಿ ಜೋಳ, ತೊಗರಿ, ಕಡಲೆಗಳನ್ನು ಬೆಳೆದುಕೊಂಡು, ಮೃಗಶಿರೆಯ ಮಳೆಗಾಗಿ ಮುಗಿಲನ್ನು ನಿಟ್ಟಿಸುತ್ತ, ಮನೆಯೊಳಗೆ ಕನ್ನಡವನ್ನೂ ಸಂತೆಯಲ್ಲಿ ಮರಾಠಿಯನ್ನೂ ಹಳೆಯ ದಫ್ತರಗಳಲ್ಲಿ ಉರ್ದುವನ್ನೂ ಬಳಸಿಕೊಂಡು ಬಂದಿರುವ ಈ ಗಡಿಸೀಮೆಯ ಜನಕ್ಕೆ ಸಮುದ್ರವೆಂಬುದು ಪುರಾಣದಲ್ಲಿ ಕೇಳಿದ ವಸ್ತುವೇ ಹೊರತು ಕಣ್ಣಾರೆ ಕಂಡ ವಸ್ತುವಲ್ಲ. ನೇರವಾಗಿ ಗೆರೆಯೆಳೆದು ಅಳೆದರೂ ಪಡುವಣ ಕಡಲು ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಆಚೆ. ನಡುವೆ ಸಹ್ಯಾದ್ರಿಯ ಗೋಡೆ. ಇಲ್ಲಿಯ ಹೊಳೆಗಳು ಕೂಡ ಆ ಕಡಲಿಗೆ ಬೆನ್ನು ತಿರುಗಿಸಿಯೇ ಹರಿಯುತ್ತವೆ. ತೇರಣೆ ಮಾಂಜರೆಯನ್ನು ಕೂಡಿ, ಮಾಂಜರೆ ಗೋದಾವರಿಯನ್ನು ಕೂಡಿ, ನಮ್ಮ ಹೊಲಗಳ ಕಪ್ಪು ನೀರು ಎಷ್ಟೋ ದಿನಗಳ ಪಯಣದ ತರುವಾಯ ಮೂಡಣದ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನೀರೇನೋ ಸೇರಿತು, ಮನುಷ್ಯರು ಸೇರಲಿಲ್ಲ.

ಆದರೂ ಈ ಸೀಮೆಯ ಹೆಸರೊಂದು ಕಡಲನ್ನು ಸೇರಿತ್ತು. ಸೇರಿದುದಷ್ಟೇ ಅಲ್ಲ, ಎರಡನೆಯ ಮಹಾಯುದ್ಧದ ಐದು ವರ್ಷಗಳ ಕಾಲ ಮೆಡಿಟರೇನಿಯನ್ ಸಮುದ್ರದಿಂದ ಜಪಾನಿನ ಟೋಕಿಯೋ ಕೊಲ್ಲಿಯವರೆಗೆ ಗುಂಡಿನ ಮಳೆಯ ನಡುವೆ ಸಂಚರಿಸಿತ್ತು. ಉದಗೀರ ನಿಲಂಗಾಗಳು ಬೀದರ ಜಿಲ್ಲೆಯಲ್ಲಿದ್ದು, ಈ ಮೂರೂ ಊರುಗಳು ಹೈದರಾಬಾದ್ ಸಂಸ್ಥಾನದ ಮೊಗಲಾಯಿ ಸೀಮೆ ಎನಿಸಿಕೊಂಡಿದ್ದ ಕಾಲವದು. ಸಂಸ್ಥಾನದ ಒಡೆಯನಾದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲೀಖಾನನು ಬ್ರಿಟಿಷರ ಯುದ್ಧಪ್ರಯತ್ನಕ್ಕೆ ಕೊಟ್ಟ ಧನಸಹಾಯದ ಸ್ಮರಣೆಗಾಗಿ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ ಜಾನ್ ಬ್ರೌನ್ ಕಂಪನಿಯವರು ಕಟ್ಟಿ 1940ರ ಜುಲೈ ತಿಂಗಳಲ್ಲಿ ನೀರಿಗಿಳಿಸಿದ ಒಂದು ವಿಧ್ವಂಸಕ ನೌಕೆಗೆ ‘ನಿಜಾಮ್’ ಎಂದು ಹೆಸರಿಟ್ಟರು. 1941ರ ಜನವರಿಯಲ್ಲಿ ಅದು ಸೇವೆಗೆ ಸೇರಿದಾಗ ಅದನ್ನು ನಡೆಸಲು ಬಂದವರು ಇಂಗ್ಲಿಷರಲ್ಲ, ಭಾರತೀಯರೂ ಅಲ್ಲ; ಆಸ್ಟ್ರೇಲಿಯಾದ ನಾವಿಕರು. ನೇಪಿಯರ್, ನೆಸ್ಟರ್, ನಿಜಾಮ್, ನಾರ್ಮನ್, ನೇಪಾಲ್ ಎಂಬ, ಒಂದೇ ಅಕ್ಷರದಿಂದ ಮೊದಲಾಗುವ ಐದು ಹಡಗುಗಳನ್ನು ಬ್ರಿಟಿಷ್ ನೌಕಾಪಡೆಯು ಆಸ್ಟ್ರೇಲಿಯಾದವರ ಕೈಗೊಪ್ಪಿಸಿತ್ತು. ಅವುಗಳಲ್ಲಿ ಇದೂ ಒಂದು.

ಬಂದರೇ ಇಲ್ಲದ ರಾಜನ ಹೆಸರಿನ ಹಡಗು ಎಂಬ ಸಂಗತಿಯಲ್ಲಿ ನನಗೆ ಕಾಣುವುದು ವಿಚಿತ್ರಕ್ಕಿಂತ ಹೆಚ್ಚಾಗಿ ದುಃಖ. ಉತ್ತರ ಸರಕಾರ ಜಿಲ್ಲೆಗಳನ್ನು ಹದಿನೆಂಟನೆಯ ಶತಮಾನದಲ್ಲಿಯೇ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಮೇಲೆ ಹೈದರಾಬಾದಿಗೆ ಕಡಲ ದಾರಿ ಮುಚ್ಚಿಹೋಗಿತ್ತು. ಅಂಥ ಒಣನಾಡಿನ ಬೊಕ್ಕಸ ತುಂಬುತ್ತಿದ್ದುದು ಮುಖ್ಯವಾಗಿ ಭೂಮಿಯ ಕಂದಾಯದಿಂದ. ಹಾಲಿ ಸಿಕ್ಕಾ ರೂಪಾಯಿಗಳನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಪಟೇಲ ಪಟವಾರಿಗಳೆದುರು ಬಿಚ್ಚುತ್ತಿದ್ದ ಒಕ್ಕಲಿನವರು, ಯುದ್ಧಕಾಲದಲ್ಲಿ ಲೆವಿಯ ಧಾನ್ಯವನ್ನು ಹಗೇವಿನಿಂದ ತೆಗೆದು ಅಳೆದುಕೊಡಬೇಕಾಗಿ ಬಂದ ಒಕ್ಕಲಿನವರು, ತಮ್ಮ ದುಡಿಮೆಯ ಒಂದಂಶ ಯಾವ ಉಕ್ಕಿನ ಒಡಲಾಗಿ ಯಾವ ಕಡಲಿನಲ್ಲಿ ತೇಲುತ್ತಿದೆಯೆಂಬುದನ್ನು ಕನಸಿನಲ್ಲಿಯೂ ಎಣಿಸಿರಲಾರರು. ಹಡಗಿನ ಮೇಲಿದ್ದ ಆಸ್ಟ್ರೇಲಿಯಾದ ಹುಡುಗರಿಗೂ ಆ ಹೆಸರಿನ ಹಿಂದಿರುವ ಹೊಲಗಳು ತಿಳಿದಿರಲು ಕಾರಣವಿಲ್ಲ. ಹೀಗೆ ಪರಸ್ಪರ ಅರಿಯದ ಎರಡು ಜನಸಮೂಹಗಳು ಒಂದೇ ಹೆಸರಿನ ಎರಡು ತುದಿಗಳನ್ನು ಹಿಡಿದಿದ್ದುವು.

ನಮ್ಮ ತುದಿಯ ನೆನಪು ಕಹಿಯಾದುದು. 1947ರಿಂದ 1948ರ ಸೆಪ್ಟೆಂಬರಿನವರೆಗೆ ನಿಜಾಮನ ಪರ ನಿಂತ ರಜಾಕಾರರೆಂಬ ಪಡೆಯ ಹಾವಳಿಯಲ್ಲಿ ಊರು ಬಿಟ್ಟು ಗಡಿಯಾಚೆಗೆ ಓಡಿದ ಕುಟುಂಬಗಳು ಈ ಭಾಗದಲ್ಲಿ ಎಷ್ಟೋ ಇವೆ. ನೆರೆಯ ಗೊರಟಾ ಗ್ರಾಮದಲ್ಲಿ ಹರಿದ ರಕ್ತದ ಕಥೆಯನ್ನು ಬೀದರ ಜಿಲ್ಲೆಯ ಮುದುಕರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. ಸೆಪ್ಟೆಂಬರ್ 17ರಂದು ಗಡಿಯ ಈಚೆ ಮರಾಠವಾಡಾ ಮುಕ್ತಿಯ ದಿನವನ್ನೂ ಆಚೆ ಕಲ್ಯಾಣ ಕರ್ನಾಟಕದ ಉತ್ಸವವನ್ನೂ ಆಚರಿಸುವ ನಮಗೆ ‘ನಿಜಾಮ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮೂಡುವ ಭಾವ ಒಂದು. ತನ್ನ ಹತ್ತೊಂಬತ್ತನೆಯ ವಯಸ್ಸನ್ನು ಆ ಹಡಗಿನ ಮೇಲೆ ಕಳೆದ ಮೆಲ್ಬರ್ನಿನ ನಾವಿಕನ ಮನಸ್ಸಿನಲ್ಲಿ ಮೂಡುತ್ತಿದ್ದ ಭಾವ ಮತ್ತೊಂದು. ಅವನಿಗೆ ಅದು ಮನೆಯ ಹೆಸರು. ಈ ಎರಡರಲ್ಲಿ ಒಂದು ನಿಜ, ಇನ್ನೊಂದು ಸುಳ್ಳು ಎಂದು ಹೇಳಲು ನನಗೆ ಮನಸ್ಸು ಬಾರದು. ನಮ್ಮ ತುದಿಯನ್ನು ಬಿಡದೆಯೇ ಆ ಇನ್ನೊಂದು ತುದಿಯನ್ನೂ ಕೈಯಲ್ಲಿ ಹಿಡಿದು ನೋಡಬೇಕೆಂಬುದಷ್ಟೇ ಈ ಲೇಖನದ ಹಂಬಲ.

ಕಡಲ ಯುದ್ಧದ ನೆನಪುಗಳನ್ನು ಓದುವವನಿಗೆ ಮೊದಲು ಅಚ್ಚರಿಯುಂಟುಮಾಡುವ ವಿಷಯವೆಂದರೆ ಅವುಗಳಲ್ಲಿ ಯುದ್ಧದ ಭಾಗ ಬಹಳ ಕಡಿಮೆಯಾಗಿರುವುದು. ಭೂಸೇನೆಯ ಯೋಧನು ಒಂದು ಗುಡ್ಡವನ್ನೋ ಒಂದು ಊರನ್ನೋ ಗೆದ್ದೆನೆಂದು ಬೆರಳು ಮಾಡಿ ತೋರಿಸಬಲ್ಲನು. ನಾವಿಕನು ಏನನ್ನು ತೋರಿಸಬೇಕು? ಅವನು ಹೋರಾಡಿದ ಸ್ಥಳದ ಮೇಲೆ ಮರುಗಳಿಗೆಯಲ್ಲಿಯೇ ನೀರು ಮುಚ್ಚಿಕೊಂಡಿರುತ್ತದೆ. ಆದುದರಿಂದಲೇ ಅವನ ಸ್ಮೃತಿಯು ಸ್ಥಳವನ್ನು ಬಿಟ್ಟು ಹಡಗನ್ನು ಹಿಡಿದುಕೊಳ್ಳುತ್ತದೆ; ಅದರ ವಾಸನೆ, ಯಂತ್ರದ ಸದ್ದು, ಒದ್ದೆಯಾದ ಹಾಸಿಗೆ, ನಾಲ್ಕು ಗಂಟೆಯ ಪಹರೆ ಮುಗಿಸಿ ಬಂದಾಗ ಸಿಕ್ಕಿದ ಬಿಸಿ ಕೋಕೋ, ಇವುಗಳಲ್ಲಿ ತಂಗುತ್ತದೆ. ನಿಜಾಮ್ ಹಡಗಿನ ಉದ್ದ ಸುಮಾರು 108 ಮೀಟರ್, ಅಗಲ ಮಾತ್ರ 11 ಮೀಟರಿನೊಳಗೆ. ಈ ಸೌತೆಕಾಯಿಯಂಥ ಒಡಲಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಉಂಡು, ಮಲಗಿ, ಕಾದಬೇಕಾಗಿದ್ದಿತು. ವೇಗಕ್ಕಾಗಿ ಹೀಗೆ ಕಿರಿದಾಗಿ ಕಟ್ಟಿದ ಹಡಗು ಮೂವತ್ತಾರು ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು ಅರವತ್ತೇಳು ಕಿಲೋಮೀಟರ್, ಓಡಬಲ್ಲುದು. ಆದರೆ ಅದೇ ಕಾರಣದಿಂದ ಪಕ್ಕದ ಅಲೆ ಹೊಡೆದಾಗ ತೊಟ್ಟಿಲಿನಂತೆ ತೂಗಾಡುವುದು ಕೂಡ ಅದರ ಹಣೆಬರಹ.

1941ರ ಮೇ ಕೊನೆಯ ವಾರದಲ್ಲಿ ಕ್ರೀಟ್ ದ್ವೀಪ ಜರ್ಮನರ ವಶವಾಗುತ್ತಿದ್ದಾಗ, ದ್ವೀಪದ ದಕ್ಷಿಣ ದಂಡೆಯ ಸ್ಫಾಕಿಯಾ ಎಂಬ ಮೀನುಗಾರರ ಹಳ್ಳಿಗೆ ಮಲೆಗಳನ್ನು ದಾಟಿ ನಡೆದುಬಂದ ಸೈನಿಕರನ್ನು ರಾತ್ರಿಯ ಕತ್ತಲೆಯಲ್ಲಿ ಹತ್ತಿಸಿಕೊಂಡು ಬೆಳಗಾಗುವಷ್ಟರಲ್ಲಿ ವಿಮಾನಗಳ ಕಣ್ಣಿನಿಂದ ಪಾರಾಗುವ ಕೆಲಸಕ್ಕೆ ನಿಜಾಮ್ ಮತ್ತು ನೇಪಿಯರ್ ಹಡಗುಗಳು ಹೋದವು. ಮೇ 30ರ ರಾತ್ರಿಯ ಕೆಲಸಕ್ಕೆ ನಾಲ್ಕು ಹಡಗುಗಳು ಹೊರಟಿದ್ದರೂ ಎರಡು ಹಿಂದಿರುಗಬೇಕಾಗಿ ಬಂದು, ಈ ಎರಡೇ ದಂಡೆಯನ್ನು ಮುಟ್ಟಿ ಸಾವಿರಕ್ಕೂ ಮಿಗಿಲಾದ ಸೈನಿಕರನ್ನು ತುಂಬಿಕೊಂಡು ಬಂದುವು. ಇದಕ್ಕೂ ಎರಡು ರಾತ್ರಿ ಮುಂಚೆ ನೇಪಿಯರ್ ಹತ್ತಿಸಿಕೊಂಡವರ ಎಣಿಕೆಯಲ್ಲಿ ಅಧಿಕಾರಿಗಳು, ಸೈನಿಕರು, ಹಡಗು ಮುಳುಗಿ ನಿರ್ಗತಿಕರಾಗಿದ್ದ ಖಲಾಸಿಗಳು, ಮೂವರು ಹೆಂಗಸರು, ಇಬ್ಬರು ಮಕ್ಕಳು ಇಷ್ಟೂ ಜನರ ಕೊನೆಯಲ್ಲಿ ಒಂದು ನಾಯಿಯನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಈ ವರದಿಯನ್ನು ನೆನೆದಾಗಲೆಲ್ಲ ನನ್ನ ಗಂಟಲು ತುಂಬಿಬರುತ್ತದೆ. ಸೋಲಿನ ಆ ರಾತ್ರಿಯಲ್ಲಿ, ಬಾಂಬುಗಳ ಭಯದಲ್ಲಿ, ಯಾರೋ ಒಬ್ಬ ಬಳಲಿದ ಗುಮಾಸ್ತೆ ನಾಯಿಯನ್ನು ಬಿಡಲಿಲ್ಲ, ಅದನ್ನು ಬರೆಯುವುದನ್ನೂ ಬಿಡಲಿಲ್ಲ.

ನಿಜಾಮಿನ ಆಮೇಲಿನ ತಿಂಗಳುಗಳದು ಟೋಬ್ರುಕ್ ಕಥೆ. ಲಿಬಿಯಾದ ಆ ಬಂದರಿನಲ್ಲಿ ಆಸ್ಟ್ರೇಲಿಯಾದ ಒಂಬತ್ತನೆಯ ಡಿವಿಜನ್ನೇ ಮೊದಲಾದ ಪಡೆಗಳು 1941ರ ಏಪ್ರಿಲಿನಿಂದ ಮುತ್ತಿಗೆಗೆ ಸಿಕ್ಕಿಕೊಂಡಿದ್ದುವು. ನೆಲದ ದಾರಿ ಮುಚ್ಚಿತ್ತು. ಉಳಿದುದು ಕಡಲ ದಾರಿಯೊಂದೆ. ಹಗಲಿನಲ್ಲಿ ಅಲೆಕ್ಸಾಂಡ್ರಿಯಾದಿಂದ ಹೊರಟ ಹಡಗು ನಡುರಾತ್ರಿಯ ಹೊತ್ತಿಗೆ ಬಂದರನ್ನು ಹೊಗಬೇಕು, ದೀಪವಿಲ್ಲ, ಅಲ್ಲಿ ಮೊದಲೇ ಮುಳುಗಿದ ಹಡಗುಗಳ ಅಸ್ಥಿಪಂಜರಗಳು ನೀರಿನಿಂದ ತಲೆಯೆತ್ತಿ ನಿಂತಿರುವುವು, ಕೆಲವೊಮ್ಮೆ ಆ ಅಸ್ಥಿಪಂಜರವೇ ಧಕ್ಕೆ, ಅದಕ್ಕೇ ಹಗ್ಗ ಬಿಗಿದು ಸಾಮಾನಿಳಿಸಬೇಕು. ಮದ್ದುಗುಂಡು, ಆಹಾರ, ಔಷಧಿ, ಹೊಸ ಸೈನಿಕರು ಒಂದು ಬದಿಯಿಂದ ಇಳಿಯುತ್ತಿರುವಂತೆಯೇ ಇನ್ನೊಂದು ಬದಿಯಿಂದ ಗಾಯಾಳುಗಳ ಮಂಚಗಳು ಹತ್ತುತ್ತಿರುವುವು. ಸುಮಾರು ಒಂದು ಗಂಟೆಯೊಳಗೆ ಎಲ್ಲ ಮುಗಿಸಿ ಹೊರಬಿದ್ದರೆ ಮಾತ್ರ ಬೆಳಕು ಹರಿಯುವಷ್ಟರಲ್ಲಿ ಶತ್ರುವಿಮಾನಗಳ ನೆಲೆಯಿಂದ ದೂರ ಸರಿಯಲು ಸಾಧ್ಯ. ಆಸ್ಟ್ರೇಲಿಯಾದ ಪಡೆಗಳನ್ನು ಬದಲಾಯಿಸುವ ದೊಡ್ಡ ಸಾಗಾಟಗಳನ್ನು ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಿಗೇ ಗೊತ್ತುಮಾಡಿದ್ದರು. ಹುಣ್ಣಿಮೆಯನ್ನು ಹಬ್ಬವೆಂದು ಕರೆವ ನಾಡಿನಲ್ಲಿ ಹುಟ್ಟಿದ ನಮಗೆ, ಬೆಳದಿಂಗಳೆಂದರೆ ನಡುಗುತ್ತಿದ್ದ ಜನರ ಮನಸ್ಥಿತಿಯನ್ನು ಊಹಿಸಿಕೊಳ್ಳಲು ಸ್ವಲ್ಪ ಹೊತ್ತು ಸುಮ್ಮನೆ ಕುಳಿತುಕೊಳ್ಳಬೇಕಾಗುತ್ತದೆ.

ಇಷ್ಟು ಬಾಂಬುಗಳ ನಡುವೆ ಬದುಕಿ ಬಂದ ಹಡಗಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಶತ್ರುವಲ್ಲ. ಮಡಗಾಸ್ಕರ್ ಕಾರ್ಯಾಚರಣೆಯನ್ನೂ ಹಿಂದೂ ಮಹಾಸಾಗರದ ದೀರ್ಘವಾದ ಗಸ್ತನ್ನೂ ಮುಗಿಸಿ ಪೆಸಿಫಿಕ್ಕಿನತ್ತ ಸಾಗಬೇಕಾಗಿದ್ದ ಕಾಲದಲ್ಲಿ, 1945ರ ಫೆಬ್ರವರಿಯಲ್ಲಿ, ಆಸ್ಟ್ರೇಲಿಯಾದ ನೈರುತ್ಯ ಮೂಲೆಯ ಲ್ಯೂವಿನ್ ಭೂಶಿರದ ಹತ್ತಿರ, ಎಲ್ಲಿಂದಲೋ ಎದ್ದುಬಂದ ಒಂದು ಮಹಾತರಂಗವು ಹಡಗನ್ನು ಪಕ್ಕಕ್ಕೆ ಬಹುತೇಕ ಮಲಗಿಸಿಬಿಟ್ಟಿತು. ಹಡಗು ಮತ್ತೆ ಎದ್ದು ನಿಂತಿತು. ಆದರೆ ಹತ್ತು ಜನ ನಾವಿಕರು ಅದರ ಮೇಲಿರಲಿಲ್ಲ. ಸ್ವಂತ ನಾಡಿನ ದಂಡೆ ಹತ್ತಿರದಲ್ಲಿರುವಾಗ, ಗುಂಡಿಗಲ್ಲ, ಬರಿಯ ನೀರಿಗೆ ಅವರು ಆಹುತಿಯಾದರು. ಯುದ್ಧವೆಂದರೆ ಶತ್ರುವಿನೊಡನೆ ಮಾತ್ರ ನಡೆಯುವುದೆಂದು ತಿಳಿದ ನಮಗೆ ಕಡಲಿನವರು ಕಲಿಸುವ ಪಾಠ ಇಲ್ಲಿದೆ: ಅವರಿಗೆ ಇಬ್ಬರು ಶತ್ರುಗಳು, ಒಬ್ಬನೊಡನೆ ಮಾತ್ರ ಒಪ್ಪಂದ ಸಾಧ್ಯ. ಅದೇ ವರ್ಷದ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ಜಪಾನು ಶರಣಾಗತಿಪತ್ರಕ್ಕೆ ಸಹಿ ಹಾಕಿದಾಗ ಅಲ್ಲಿ ಸೇರಿದ್ದ ಹಡಗುಗಳಲ್ಲಿ ನಿಜಾಮ್ ಕೂಡ ಒಂದಾಗಿತ್ತು.

ಇದೇ ಕಾಲದಲ್ಲಿ ನಮ್ಮ ದೇಶದ ನಾವಿಕರು ಏನು ಮಾಡುತ್ತಿದ್ದರೆಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆಸ್ಟ್ರೇಲಿಯಾದವರು ಹೈದರಾಬಾದಿನ ಹೆಸರಿನ ಹಡಗನ್ನು ನಡೆಸುತ್ತಿದ್ದರೆ, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಟ್ಟಿದ ‘ಬೆಂಗಾಲ್’ ಎಂಬ ಪುಟ್ಟ ಹಡಗನ್ನು ಭಾರತೀಯ ನಾವಿಕರು ನಡೆಸುತ್ತಿದ್ದರು. 1942ರ ನವೆಂಬರ್ 11ರಂದು ಹಿಂದೂ ಮಹಾಸಾಗರದ ನಡುವೆ, ‘ಒಂಡಿನಾ’ ಎಂಬ ಡಚ್ಚರ ತೈಲದ ಹಡಗಿಗೆ ಬೆಂಗಾವಲಾಗಿ ಸಾಗುತ್ತಿದ್ದ ಈ ಹಡಗಿನೆದುರು ಹತ್ತು ಸಾವಿರ ಟನ್ನಿನ ಎರಡು ಜಪಾನಿ ಹಡಗುಗಳು ಪ್ರತ್ಯಕ್ಷವಾದುವು. ಅವುಗಳಲ್ಲಿ ಹಲವು ದೊಡ್ಡ ಫಿರಂಗಿಗಳು. ಬೆಂಗಾಲಿನ ಮುಂಭಾಗದಲ್ಲಿ ಇದ್ದುದು ಒಂದೇ ಸಣ್ಣ ಫಿರಂಗಿ. ಓಡಿಹೋಗುವುದು ನ್ಯಾಯವೇ ಆಗಿದ್ದರೂ ಕಪ್ತಾನ ವಿಲ್ಸನ್ ತೈಲದ ಹಡಗಿಗೆ ಪಾರಾಗಲು ಹೇಳಿ ತಾನು ಶತ್ರುವಿನತ್ತ ನುಗ್ಗಿದನು. ಕೊನೆಗೆ ಹೊಕೊಕು ಮಾರು ಎಂಬ ಜಪಾನಿ ಹಡಗು ಸ್ಫೋಟಗೊಂಡು ಮುಳುಗಿತು. ಬೆಂಗಾಲೂ ಒಂಡಿನಾವೂ ಗಾಯಗೊಂಡು ಉಳಿದುವು. ಹೀಗೆ ಹೋರಾಡಿದ ನೌಕಾಪಡೆಯ ನಾವಿಕರೇ 1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ನೆಲೆಯಲ್ಲಿ ಕೆಟ್ಟ ಊಟವನ್ನೂ ವರ್ಣಭೇದದ ಅವಮಾನವನ್ನೂ ಪ್ರತಿಭಟಿಸಿ ಎದ್ದರೆಂಬುದನ್ನು ನೆನೆದರೆ, ಅವರ ಬಂಡಾಯದ ಬೇರು ಯುದ್ಧದ ಅನುಭವದಲ್ಲಿಯೇ ಇದ್ದಿತೆಂಬುದು ಸ್ಪಷ್ಟವಾಗುವುದು. ಸಾವಿನೆದುರು ಸಮಾನನಾಗಿ ನಿಂತವನಿಗೆ ಊಟದ ತಟ್ಟೆಯೆದುರು ಕೀಳೆನಿಸಿಕೊಳ್ಳಲು ಸಾಧ್ಯವಾಗದು.

1971ರ ಯುದ್ಧವು ನಮಗೆ ಇನ್ನೂ ಹತ್ತಿರದ್ದು; ಅದನ್ನು ಕಂಡವರು ನಮ್ಮ ನಡುವೆ ಇದ್ದಾರೆ. ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಎರಗಿದ ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳ ಕಥೆ ಪ್ರಸಿದ್ಧವಾದುದು. ನೌಕಾಪಡೆಯ ದಿನವನ್ನು ಅಂದೇ ಆಚರಿಸುತ್ತಾರೆ. ದೂರದ ಪಯಣಕ್ಕಲ್ಲ, ದಂಡೆಯ ರಕ್ಷಣೆಗೆಂದು ರಷ್ಯನ್ನರು ಕಟ್ಟಿದ್ದ ಈ ದೋಣಿಗಳಲ್ಲಿ ಇಂಧನ ಹೆಚ್ಚು ಹಿಡಿಯುತ್ತಿರಲಿಲ್ಲ. ಆದುದರಿಂದ ಅವುಗಳನ್ನು ದೊಡ್ಡ ಹಡಗುಗಳಿಗೆ ಕಟ್ಟಿ ಎಳೆದೊಯ್ಯುವ ಉಪಾಯವನ್ನು ಹೂಡಿದರು. ರಷ್ಯಾದಲ್ಲಿ ತರಬೇತಾದ ನಾವಿಕರು ಶತ್ರುವಿಗೆ ಅರ್ಥವಾಗದಿರಲೆಂದು ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲಿಯೇ ಮಾತಾಡಿಕೊಂಡರಂತೆ. ಅದೇ ಬಗೆಯ ‘ಚಪಲ’ ಎಂಬ ಕ್ಷಿಪಣಿ ದೋಣಿಯನ್ನು ಈಗ ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ. ತಲೆ ತಗ್ಗಿಸಿ ಅದರೊಳಗೆ ಹೊಕ್ಕವನಿಗೆ ಯುದ್ಧಕ್ಕಿಂತ ಮೊದಲು ಇಕ್ಕಟ್ಟು ಎಂದರೇನೆಂಬುದು ತಿಳಿಯುತ್ತದೆ.

ಗೆಲುವಿನ ಆ ರಾತ್ರಿಯ ಬಳಿಯಲ್ಲಿಯೇ ಸೋಲಿನ ಒಂದು ರಾತ್ರಿಯೂ ಇದೆ. ಡಿಸೆಂಬರ್ 9ರ ರಾತ್ರಿ ಒಂಬತ್ತಕ್ಕೆ ಇನ್ನೂ ಕೆಲವು ನಿಮಿಷಗಳಿರುವಾಗ, ದೀವ್ ದಂಡೆಯಿಂದಾಚೆ, ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ‘ಖುಕ್ರಿ’ ಹಡಗು ಕೆಲವೇ ನಿಮಿಷಗಳಲ್ಲಿ ಮುಳುಗಿತು. 18 ಅಧಿಕಾರಿಗಳೂ 176 ನಾವಿಕರೂ ಅದರೊಡನೆ ಹೋದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ತನ್ನ ಜೀವರಕ್ಷಕ ಅಂಗಿಯನ್ನು ಇನ್ನೊಬ್ಬನಿಗೆ ಕೊಟ್ಟು ಹಡಗಿನಲ್ಲಿಯೇ ಉಳಿದುದನ್ನು ಬದುಕಿ ಬಂದವರು ಹೇಳಿದ್ದಾರೆ. ಉಳಿದವರು 67 ಜನ. ಮರುದಿನ ‘ಕಚ್ಛಾಲ್’ ಹಡಗು ಅವರನ್ನು ನೀರಿನಿಂದ ಎತ್ತಿಕೊಳ್ಳುವವರೆಗೆ ಡಿಸೆಂಬರಿನ ಚಳಿಯಲ್ಲಿ, ಎಣ್ಣೆ ಹರಡಿದ ಕಡಲಿನ ಮೇಲೆ, ಅವರು ಆ ರಾತ್ರಿಯನ್ನು ಹೇಗೆ ಕಳೆದರೆಂಬುದನ್ನು ಬರೆಯಲು ನನಗೆ ಅಧಿಕಾರವಿಲ್ಲ.

ಆದರೆ ಅಂಥವರ ಮೌನದ ವಿಷಯವಾಗಿ ಎರಡು ಮಾತು ಹೇಳಬಲ್ಲೆನು. ಯಾಕೆಂದರೆ ಆ ಮೌನ ನಮ್ಮ ಸೀಮೆಗೆ ಅಪರಿಚಿತವಾದುದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ, ಗಣಪತಿಯನ್ನು ಕಳುಹಿಸಿ ಬಂದು ಮಲಗಿದ್ದ ಜನರ ಮೇಲೆ ಕಿಲ್ಲಾರಿ, ಸಾಸ್ತೂರು ಮೊದಲಾದ ಗ್ರಾಮಗಳ ಕಲ್ಲು ಮಣ್ಣಿನ ದಪ್ಪ ಗೋಡೆಗಳು ಕುಸಿದು ಸಾವಿರಾರು ಜನ ಮಡಿದರು. ಉಮರ್ಗಾ ಔಸಾ ತಾಲೂಕುಗಳಲ್ಲಿ ಆ ರಾತ್ರಿ ಬದುಕುಳಿದವರನ್ನು ಮಾತಿಗೆಳೆದು ನೋಡಿದವರಿಗೆ ಗೊತ್ತು: ಭೂಮಿ ನಡುಗಿದ ಬಗೆಯನ್ನು ಅವರು ಹೇಳುವುದಿಲ್ಲ; ಹಿಂದಿನ ಸಂಜೆ ಮಾಡಿದ ಅಡಿಗೆ ಏನೆಂಬುದನ್ನು ಹೇಳುತ್ತಾರೆ, ಕಟ್ಟಿದ ಎತ್ತಿನ ಹೆಸರನ್ನು ಹೇಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನೆಲವು ಒಮ್ಮೆ ಕೈಬಿಟ್ಟವರೂ ನೀರು ಒಮ್ಮೆ ಕೈಬಿಟ್ಟವರೂ ನೆನೆಯುವ ರೀತಿ ಒಂದೇ. ಆದುದರಿಂದ ಹಳೆಯ ನಾವಿಕನೊಬ್ಬನು ನಮ್ಮ ಊರಿನಲ್ಲಿ ಪಿಂಚಣಿಯ ದಿನ ಬ್ಯಾಂಕಿನ ಸಾಲಿನಲ್ಲಿ ನಿಂತಿರುವುದನ್ನು ಕಂಡರೆ, ಎಷ್ಟು ಶತ್ರುಗಳನ್ನು ಕೊಂದಿರಿ ಕಾಕಾ ಎಂದು ಕೇಳಬಾರದು; ಹಡಗಿನಲ್ಲಿ ರೊಟ್ಟಿ ಸಿಗುತ್ತಿತ್ತೇ, ಮೊದಲ ದಿನ ವಾಂತಿಯಾಯಿತೇ, ನಿಮ್ಮ ಮಗ್ಗುಲಲ್ಲಿ ಮಲಗುತ್ತಿದ್ದವರು ಯಾವ ಊರಿನವರು ಎಂದು ಕೇಳಬೇಕು. ಬಾಗಿಲು ತೆರೆಯುವುದು ಆ ಸಣ್ಣ ಕೀಲಿಯಿಂದಲೇ. ಕೇಳಿದುದನ್ನು ಅಂದೇ ರಾತ್ರಿ ಬರೆದಿಡಬೇಕು. ನೇಪಿಯರ್ ಹಡಗಿನ ವರದಿಯಲ್ಲಿ ನಾಯಿಯನ್ನು ಬಿಡದೆ ಬರೆದ ಹಾಗೆ.

ಆಸ್ಟ್ರೇಲಿಯಾದವರು ಈ ಕೆಲಸವನ್ನು ಮಾಡಿದರು. ಅವರ ಯುದ್ಧಸ್ಮಾರಕ ಸಂಗ್ರಹಾಲಯದಲ್ಲಿ ಹಡಗುಗಳ ಚಿತ್ರಗಳೂ ನಾವಿಕರ ದಿನಚರಿಗಳೂ ಧ್ವನಿಮುದ್ರಿತ ಮಾತುಗಳೂ ಇವೆ. ಯುದ್ಧದಲ್ಲಿ ಮಡಿದವರನ್ನು ಅವರು ನೆನೆಯುವ ಪ್ರತಿ ಏಪ್ರಿಲ್ 25ರಂದು ಹಳೆಯ ನಾವಿಕರು ತಮ್ಮ ತಮ್ಮ ಹಡಗಿನ ಹೆಸರಿನ ಪತಾಕೆಯ ಕೆಳಗೆ ಬೀದಿಯಲ್ಲಿ ನಡೆಯುತ್ತ ಬಂದರು. ಯುದ್ಧಕಾಲದಲ್ಲಿ ಗುಟ್ಟು ರಟ್ಟಾಗದಿರಲೆಂದು ನಾವಿಕರ ಟೊಪ್ಪಿಗೆಯ ಪಟ್ಟಿಯ ಮೇಲೆ ಹಡಗಿನ ಹೆಸರನ್ನೇ ಬರೆಯುತ್ತಿರಲಿಲ್ಲ. ಆ ಐದು ವರ್ಷ ಅವರು ‘ನಿಜಾಮ್’ ಎಂಬ ಹೆಸರನ್ನು ಹಣೆಯ ಮೇಲೆ ಧರಿಸದೆ ಬಾಯಲ್ಲಿ ಮಾತ್ರ ಇಟ್ಟುಕೊಂಡಿದ್ದರು.

ಹಡಗಿನ ಕೊನೆಯನ್ನು ಹೇಳಿ ಮುಗಿಸುತ್ತೇನೆ. ಯುದ್ಧ ಮುಗಿದ ಮೇಲೆ ಅದನ್ನು ಬ್ರಿಟಿಷರಿಗೆ ಹಿಂದಿರುಗಿಸಿದರು; ಹತ್ತು ವರ್ಷ ಅದು ಮೂಲೆಯಲ್ಲಿ ಬಿದ್ದಿದ್ದು, 1955ರಲ್ಲಿ ಗುಜರಿಗೆ ಮಾರಾಟವಾಗಿ ತುಂಡು ತುಂಡಾಯಿತು. ಮುಂದಿನ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೂ ತುಂಡಾಯಿತು. ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೆ ಬಂದುವು. ಉದಗೀರ, ನಿಲಂಗಾ, ಉಮರ್ಗಾಗಳು ಮುಂಬಯಿ ರಾಜ್ಯಕ್ಕೆ ಹೋದುವು. ಲ್ಯೂವಿನ್ ಭೂಶಿರದ ಆಳದಲ್ಲಿ ಮಲಗಿರುವ ಆ ಹತ್ತು ಹುಡುಗರಿಗೆ ಈ ಯಾವ ಸುದ್ದಿಯೂ ತಿಳಿಯದು; ಅವರ ಪಾಲಿಗೆ ಹಡಗು ಇನ್ನೂ ಹಡಗೇ, ಅದರ ಹೆಸರು ಇನ್ನೂ ನಿಜಾಮ್.